ಅಳು ಹಿಡಿದಿಡುವ ಪೆಟ್ಟಿಗೆ

ಜೂನ್ ೪

ಪುಟ್ಟು,

ಮನೆಯಲ್ಲಿ ಫೋನು ಇಟ್ಟುಕೊಂಡು ಕಾಗದ ಬರೆಯುತ್ತಾಳಲ್ಲ ಎಂದು ನಗಬೇಡ. ನಿವೃತ್ತರಾದ ಮೇಲೆ ನಿನ್ನ ಭಾವ ಫೋನನ್ನು ತಮ್ಮ ಕುರ್ಚಿಯ ಪಕ್ಕದಲ್ಲೇ ಇಟ್ಟುಕೊಂಡಿದ್ದಾರೆ. ನಾನು ಯಾರ ಜತೆ ಮಾತನಾಡಿದರೂ ಸ್ಪೀಕರ್ ಒತ್ತಿ ತಾವೂ ಕೇಳಿಸಿಕೊಳ್ಳುತ್ತಾರೆ. ನಡುನಡುವೆ ನನ್ನ ಪರವಾಗಿ ಉತ್ತರವನ್ನೂ ಕೊಡುತ್ತಾರೆ.

ಒಂದು ಯಂತ್ರದ ವಿಷಯ ಕೇಳಬೇಕಿತ್ತು. ಟಿವಿ ರಿಪೇರಿ ಮಾಡುವವನು ನೀನು, ನಿನಗೇ ಗೊತ್ತು. ಪ್ರಸಾರವೆಲ್ಲ ಡಿಜಿಟಲ್ ಆದ ಮೇಲೆ ನಮ್ಮ ಹಳೆಯ ಟೇಪಿನ ರೆಕಾರ್ಡರ್ ಏನನ್ನೂ ಹಿಡಿಯುತ್ತಿಲ್ಲ. ಬರೀ ಇರುವೆ ಹರಿದ ಹಾಗೆ ಕಾಣುತ್ತದೆ. ನಿನ್ನ ಭಾವನಿಗೆ ಒಂದು ಕಾರ್ಯಕ್ರಮದ ಮರುಪ್ರಸಾರವನ್ನು ಹಿಡಿದಿಡಬೇಕಂತೆ. ಇದೇ ತಿಂಗಳ ಕೊನೆಗೆ ಬರುತ್ತದೆ. ಅಂಗಡಿಗೆ ಹೋದರೆ ಅವನು ಒಂದೇ ಸಮನೆ ಏನೇನೋ ಹೇಳಿದ. ಎರಡು ಟ್ಯೂನರಿನದ್ದಂತೆ, ಹಾರ್ಡ್ ಡಿಸ್ಕಿನದ್ದಂತೆ, ಡಿಸ್ಕ್ ಬರೆದುಕೊಡುವುದಂತೆ. ನನಗೆ ತಲೆಬುಡ ತಿಳಿಯಲಿಲ್ಲ. ಭಾವ ಮಾತ್ರ ಎಲ್ಲ ತಿಳಿದವರ ಹಾಗೆ ತಲೆಯಾಡಿಸಿ, ಹೊರಗೆ ಬಂದು, "ನಿನ್ನ ತಮ್ಮನ್ನ ಕೇಳು" ಅಂದರು.

ಯಾವುದನ್ನು ತೆಗೆದುಕೊಳ್ಳಬೇಕು, ಬರೆ. ನಿನ್ನ ಹೆಂಡತಿಯ ಬೆನ್ನುನೋವು ಹೇಗಿದೆ? ನನಗೆ ಹೊಲಿಗೆ ಕೈತುಂಬ ಇದೆ. ಬೇರೆ ವಿಶೇಷವೇನಿಲ್ಲ.

ಅಕ್ಕ


ಜೂನ್ ೧೧

ಅಕ್ಕಾ,

ಕೇಳಿದ್ದಕ್ಕೆ ಉತ್ತರ.

ಹೊಸ ಪ್ರಸಾರವನ್ನು ಹಿಡಿಯುವ ಟ್ಯೂನರ್ ಹಳೆಯ ಟೇಪಿನ ಯಂತ್ರದಲ್ಲಿ ಇಲ್ಲ. ಅದನ್ನು ಬಿಸಾಡಿ. ಹಾರ್ಡ್ ಡಿಸ್ಕ್ ಇರುವುದನ್ನು ತೆಗೆದುಕೊಳ್ಳಿ. ಒಳಗೇ ಉಳಿಯುತ್ತದೆ, ಟೇಪು ಗೀಪು ಬೇಡ. ಒಂದು ಚಾನೆಲ್ ನೋಡುತ್ತಾ ಇನ್ನೊಂದನ್ನು ಹಿಡಿದಿಡುವವರಿಗೆ ಎರಡು ಟ್ಯೂನರ್ ಬೇಕು. ಭಾವ ನೋಡುವುದೂ ಹಿಡಿಯುವುದೂ ಒಂದನ್ನೇ ಆದ್ದರಿಂದ ಒಂದು ಸಾಕು. ಚಿತ್ರವನ್ನು ನಿಲ್ಲಿಸಿ ಸ್ವಲ್ಪ ಸ್ವಲ್ಪವಾಗಿ ಮುಂದಕ್ಕೆ ತಳ್ಳುವ ಗುಂಡಿ ರಿಮೋಟಿನಲ್ಲಿ ಇರಲಿ. ಬೇಕಾದ ಜಾಗ ಹುಡುಕಲು ಸುಲಭ.

ಡಿಸ್ಕ್ ಬರೆಯುವ ಮಾದರಿಯನ್ನು ಅಂಗಡಿಯವನು ಹೊಗಳಿ ಹೊಗಳಿ ತೋರಿಸುತ್ತಾನೆ. ಕಾರ್ಯಕ್ರಮದ ನಕಲು ಮಾಡಿ ಬೇರೆಯವರಿಗೆ ಕಳಿಸುವವರಿಗೆ ಅದು. ನೀವು ಇನ್ನು ಯಾರಿಗೆ ಕಳಿಸಬೇಕಾಗಿದೆ? ಬೇಡ.

ಹೆಂಡತಿ ಆರಾಮಾಗಿದ್ದಾಳೆ.

ತಮ್ಮ


ಜುಲೈ ೨

ಪುಟ್ಟು,

ನೀನು ಹೇಳಿದ್ದನ್ನೇ ತಂದೆವು. ಕಪ್ಪು ಪೆಟ್ಟಿಗೆ, ಮುಂದೆ ಒಂದು ಕೆಂಪು ದೀಪ. ನಿನ್ನ ಕಾಗದ ಅಂಗಡಿಯ ಚೀಟಿಯ ಹಾಗಿತ್ತು. ಕೆಲಸದ ಒತ್ತಡವಿರಬೇಕು ಅಂದುಕೊಂಡೆ. ಆದರೆ ಗುಬ್ಬಿ ಹೇಗಿದ್ದಾಳೆ ಎಂದು ಒಂದು ಮಾತು ಕೇಳಬಾರದಾಗಿತ್ತೇ? ಎತ್ತಿ ಆಡಿಸಿದ ಸೋದರಮಾವ ನೀನು.

ಈಗ ಹೇಳಿಯೇ ಬಿಡುತ್ತೇನೆ. ನಾವು ಹಿಡಿದಿಟ್ಟದ್ದು ನಮ್ಮನ್ನೇ. ಒಡೆದ ಸಂಸಾರಗಳನ್ನು ಕೂಡಿಸುತ್ತೇವೆ ಎಂದು ಒಬ್ಬ ಕೋಟು ಹಾಕಿಕೊಂಡು ಕೂರುತ್ತಾನಲ್ಲ, ಆ ಕಾರ್ಯಕ್ರಮ. ಗುಬ್ಬಿ ಗಂಡನ ಹೊಡೆತ ತಾಳಲಾರದೆ ಮನೆಗೆ ಬಂದದ್ದು ನಿನಗೆ ಗೊತ್ತು. ವಾಪಸ್ ಹೋಗು ಎಂದು ನಿನ್ನ ಭಾವ ದಿನಾ ಜಗಳ ತೆಗೆದರು. ಅವಳು ಹಾಸ್ಟೆಲು ಹಿಡಿದಳು. ಭಾವ ಆ ಕೋಟಿನವನಿಗೆ ಫೋನು ಮಾಡಿದರು. ಮಗಳನ್ನು ಕರೆಸಿ ರಾಜಿ ಮಾಡಿಸುತ್ತಾರೆ ಎಂದು ನನ್ನನ್ನೂ ಕರೆದುಕೊಂಡು ಹೋದರು. ಅವಳು ಅಲ್ಲಿಗೆ ಬರಲಿಲ್ಲ. ಮೇ ತಿಂಗಳಲ್ಲಿ ಮೊದಲ ಸಲ ಬಂತು. ನೀನು ನೋಡಿಲ್ಲವೆಂದು ನಂಬಿದ್ದೇನೆ. ನೋಡಿದ್ದರೆ ಬರೆಯುತ್ತಿದ್ದೆ.

ಈಗ ನಮ್ಮ ಮನೆಯ ಸಂಜೆ ಹೇಗಿರುತ್ತದೆ ಗೊತ್ತೇ? ಪಕ್ಕದವರು, ಎದುರಿನವರು, ಅವರ ನೆಂಟರು ಬಂದು ಕೂರುತ್ತಾರೆ. ನಿನ್ನ ಭಾವ ರಿಮೋಟು ಹಿಡಿದು ತಾವು ಅಳುವ ಜಾಗಕ್ಕೆ ನೇರವಾಗಿ ಹೋಗುತ್ತಾರೆ. "ಇಲ್ಲಿ ನೋಡಿ, ಇಲ್ಲಿ ಗಂಟಲು ಕಟ್ಟಿದ್ದು" ಅನ್ನುತ್ತಾರೆ. ಕಣ್ಣೀರು ಕೆನ್ನೆಗೆ ಇಳಿಯುವಷ್ಟರಲ್ಲಿ ನಿಲ್ಲಿಸುತ್ತಾರೆ. ಟಿವಿಯ ತುಂಬ ಅವರ ಒದ್ದೆ ಮೂಗು. ಹಿಂದಕ್ಕೆ ತಿರುಗಿಸಿ ಮತ್ತೆ ಅದೇ. ಎದುರು ಮನೆಯವರು ಲೊಚಗುಟ್ಟುತ್ತಾರೆ. ನಾನು ಒಳಗೆ ಹೊಲಿಗೆಯ ಮುಂದೆ ಕೂತಿರುತ್ತೇನೆ.

ಅದರಲ್ಲಿ ನಾನೂ ಮಾತನಾಡುತ್ತೇನೆ. ಮುಖ ನನ್ನದೇ, ದನಿ ನನ್ನದೇ. ಆದರೆ ಆ ಮಾತು ಆಡಿದ ನೆನಪು ನನಗಿಲ್ಲ. ಭಾವ, "ನೀನೇ ಹೇಳಿದ್ದು, ದೀಪದ ಬಿಸಿಗೆ ಮರೆತಿದೀಯ" ಅನ್ನುತ್ತಾರೆ. ಇದ್ದರೂ ಇರಬಹುದು. ತಲೆ ಸುತ್ತುತ್ತಿತ್ತು ಅವತ್ತು.

ಗುಬ್ಬಿ ಹಾಸ್ಟೆಲಿನಲ್ಲಿ ಇಲ್ಲ. ಫೋನು ಎತ್ತುತ್ತಿಲ್ಲ. ನಿನಗೇನಾದರೂ ಗೊತ್ತಿದ್ದರೆ ತಿಳಿಸು.

ಅಕ್ಕ


ಜುಲೈ ೯

ಅಕ್ಕಾ,

ನೋಡಿದ್ದೇನೆ. ಮೇ ತಿಂಗಳಲ್ಲೇ ನೋಡಿದೆ, ಮೊದಲಿನಿಂದ ಕೊನೆಯವರೆಗೆ. ನಾನೊಬ್ಬನೇ ಅಲ್ಲ. ಗುಬ್ಬಿ ನನ್ನ ಪಕ್ಕದಲ್ಲಿ ಕೂತಿದ್ದಳು.

ಅವಳು ನಮ್ಮ ಮನೆಯಲ್ಲಿದ್ದಾಳೆ. ಸ್ವಲ್ಪ ದಿನ ಇದ್ದು ಹೋಗೋಣವೆಂದು ಬಂದವಳು, ಅದನ್ನು ನೋಡಿದ ಮೇಲೆ ಹೋಗಲಿಲ್ಲ. ನಿನಗೆ ತಿಳಿಸಬೇಡಿ ಎಂದು ಹೆಂಡತಿಯೂ ಹೇಳಿದಳು, ನನಗೂ ತಿಳಿಸುವ ಮನಸ್ಸಿರಲಿಲ್ಲ. ಭಾವನ ಅಳು ನೋಡಿ ಅವಳಿಗೆ ನಗು ಬಂತು. "ಮದುವೆ ಮನೇಲೂ ಹೀಗೇ ಅತ್ತಿದ್ರು ಮಾಮ" ಅಂದಳು. ಆಮೇಲೆ ಆ ಕೋಟಿನವನು ನಿನ್ನ ಕಡೆ ತಿರುಗಿ, "ಮಗಳ ವಿಷಯಕ್ಕೆ ತಾಯಿ ಏನಂತೀರಿ?" ಅಂದ. ನೀನು ಹೇಳಿದೆ: "ನನ್ನ ಪಾಲಿಗೆ ಸತ್ತ ಹಾಗೇ ಅದು. ಹೊರಗೆ ಹಾಕ್ಬಿಟ್ಟೆ. ಮತ್ತೆ ಒಳಗೆ ತರೋ ಮಾತೇ ಇಲ್ಲ."

ಹೇಳುವಾಗ ನಕ್ಕೆ ಅಕ್ಕಾ. ನಗುತ್ತಾ ಹೇಳಿದೆ.

ಗುಬ್ಬಿ ಎದ್ದು ಹೋಗಿ ತನ್ನ ತಟ್ಟೆ ತೊಳೆದಿಟ್ಟಳು. ಅಷ್ಟೇ. ಅವತ್ತಿನಿಂದ ನಿನ್ನ ಹೆಸರು ಎತ್ತಿಲ್ಲ. ಇಲ್ಲೇ ಒಂದು ಬಟ್ಟೆ ಒಗೆಯುವ ಅಂಗಡಿಯಲ್ಲಿ ಕೆಲಸಕ್ಕೆ ಹೋಗುತ್ತಾಳೆ. ಭಾವನಿಂದ ನಾನು ಏನನ್ನೂ ನಿರೀಕ್ಷಿಸಿರಲಿಲ್ಲ, ಅದಕ್ಕೆ ಸಿಟ್ಟೂ ಇಲ್ಲ. ಹೆತ್ತವಳು ನೀನು. ಹಾಗೆ ಮಾತನಾಡಿ, ಅದನ್ನು ಹಿಡಿದಿಡಲು ಯಾವ ಯಂತ್ರ ಒಳ್ಳೆಯದು ಎಂದು ನನ್ನನ್ನೇ ಕೇಳಿದೆಯಲ್ಲ. ನಿನ್ನ ಕಾಗದ ಓದಿ ಕೈ ತೊಳೆದುಕೊಂಡೆ.

ನೆನಪಿಲ್ಲ ಎಂದು ಬರೆದಿದ್ದೀಯ. ನಮಗಿದೆ.

ತಮ್ಮ


ಆಗಸ್ಟ್ ೨೦

ಪುಟ್ಟು,

ಅವಳು ನಿನ್ನ ಮನೆಯಲ್ಲಿದ್ದಾಳೆ ಎಂಬ ಸಾಲು ಓದಿದ ಮೇಲೆ ಉಳಿದದ್ದನ್ನು ಓದಲು ನನಗೆ ಎರಡು ದಿನ ಬೇಕಾಯಿತು. ಊಟ ಮಾಡುತ್ತಿದ್ದಾಳೆ, ಕೆಲಸಕ್ಕೆ ಹೋಗುತ್ತಿದ್ದಾಳೆ. ನೀನು ಬೈದದ್ದು ಆಮೇಲಿನ ಮಾತು.

ಉತ್ತರಕ್ಕೆ ಇಷ್ಟು ದಿನ ಯಾಕಾಯಿತು ಎಂದರೆ, ನನ್ನ ಮಾತನ್ನು ನಾನೇ ನಂಬದ ಹಾಗಾಗಿತ್ತು. ನಿನ್ನ ಭಾವ ಬೆಳಿಗ್ಗೆ ವಾಕಿಂಗಿಗೆ ಹೋದಾಗ ಪೆಟ್ಟಿಗೆ ಹಾಕಿ ನೋಡತೊಡಗಿದೆ. ಭಾವ ಅಳುವ ಜಾಗವಲ್ಲ, ನಾನು ಮಾತನಾಡುವ ಜಾಗ. ನಾನು ನಗುತ್ತಿದ್ದದ್ದು ನಿಜ. ಎಂಥ ನಗು ಅದು, ಯಾವುದೋ ಹಾಳು ಹೆಂಗಸಿನ ನಗು. ನೋಡಿ ನೋಡಿ ನನ್ನ ಮುಖದ ಮೇಲೆ ನನಗೇ ಅಸಹ್ಯ ಬಂತು. ಕನ್ನಡಿ ಮುಂದೆ ತಲೆ ಬಾಚಿಕೊಳ್ಳುವುದನ್ನೂ ಬಿಟ್ಟೆ.

ಒಂದು ದಿನ ಹಾಗೇ ನಿಲ್ಲಿಸಿ ಕೂತಿದ್ದೆ. ಮುಖ ನೋಡಲಾಗದೆ ರವಿಕೆ ನೋಡಿದೆ. ನಾನೇ ಹೊಲಿದುಕೊಂಡ, ಕಾಲರಿನ ನೀಲಿ ರವಿಕೆ. ಕಾಲರಿನ ಮೇಲಿನ ಗುಂಡಿ ಬಿಚ್ಚಿತ್ತು. ಸ್ವಲ್ಪ ಹಿಂದಕ್ಕೆ ಹೋದೆ. ಅವನು ಪ್ರಶ್ನೆ ಕೇಳುವಾಗ ಪಕ್ಕದಲ್ಲಿ ನಾನು ಕಾಣುತ್ತೇನೆ, ಆಗ ನನ್ನ ಗುಂಡಿ ಹಾಕಿದೆ. ಉತ್ತರ ಹೇಳುವಾಗ ಬಿಚ್ಚಿಕೊಂಡಿದೆ. ಮತ್ತೆ ಅವನು, ಮತ್ತೆ ನಾನು, ಗುಂಡಿ ಹಾಕಿಯೇ ಇದೆ.

ಆಗ ಎಲ್ಲ ನೆನಪಾಯಿತು. ಶುರುವಿಗೆ ಮುಂಚೆ ಕಾಲರಿಗೆ ಮೈಕು ಸಿಕ್ಕಿಸಲು ಒಬ್ಬಳು ಬಂದಳು. "ಏನಾದ್ರೂ ಮಾತಾಡಿ ಅಮ್ಮ, ದನಿ ನೋಡ್ಬೇಕು. ಮನೇಲಿ ಏನು ಮಾಡ್ತೀರಾ?" ಅಂದಳು. ಹೊಲೀತೀನಿ ಅಂದೆ. "ಮಷೀನು ಹಳೇದಾ?" ಅಂದಳು. ಅಮ್ಮನ ಕಾಲದ ಆ ಹೊಲಿಗೆ ಮಷೀನಿನ ಕತೆ ಹೇಳಿದೆ. ಎಷ್ಟು ಎಣ್ಣೆ ಕುಡಿಸಿದರೂ ದಾರ ನುಂಗುತ್ತಿತ್ತಲ್ಲ, ಅದು. "ನನ್ನ ಪಾಲಿಗೆ ಸತ್ತ ಹಾಗೇ ಅದು, ಹೊರಗೆ ಹಾಕ್ಬಿಟ್ಟೆ, ಮತ್ತೆ ಒಳಗೆ ತರೋ ಮಾತೇ ಇಲ್ಲ" ಎಂದು ನಕ್ಕೆ. ಅವಳೂ ನಕ್ಕು, ವೈರು ಕಾಣಬಾರದೆಂದು ನನ್ನ ಗುಂಡಿ ಹಾಕಿದಳು. ಆಗಲೇ ಕ್ಯಾಮೆರಾ ಓಡುತ್ತಿತ್ತು ಎಂದು ನನಗೇನು ಗೊತ್ತು?

ಅವನ ಪ್ರಶ್ನೆಗೆ ನಾನು ಹೇಳಿದ್ದು ಬೇರೆ. "ಅವಳು ಬಂದಿದ್ದೇ ಸರಿ. ಹೊಡೆಯೋ ಮನೇಲಿ ಯಾಕೆ ಇರ್ಬೇಕು?" ಅಂದಿದ್ದೆ. ಅವನಿಗೆ ಅದು ಹಿಡಿಸಲಿಲ್ಲ. ಅದನ್ನು ಎಲ್ಲಿಗೆ ಎಸೆದರೋ.

ಪುಟ್ಟು, ಗುಂಡಿಯ ಮಾತು ಹಾಗಿರಲಿ. ಹುಟ್ಟಿದ ದಿನದಿಂದ ನಾನು ಅವಳನ್ನು ಒಂದು ಸಲವಾದರೂ "ಅದು" ಅಂದದ್ದು ನೀನು ಕೇಳಿದ್ದೀಯಾ? ಅಳುವ ಕೂಸನ್ನು ಎಲ್ಲರೂ ಅದು ಇದು ಅನ್ನುತ್ತಾರೆ. ನಾನು ಆಗಲೂ ಅವಳು ಅಂದೆ. ನೀನೇ ಅಣಕಿಸುತ್ತಿದ್ದೆ.

ವಾಕಿಂಗಿನಿಂದ ಬಂದ ನಿನ್ನ ಭಾವನಿಗೆ ಗುಂಡಿ ತೋರಿಸಿದೆ. ಹೌಹಾರುತ್ತಾರೆ ಅಂದುಕೊಂಡೆ. ಅವರು ಚಪ್ಪಲಿ ಬಿಡುತ್ತಾ, "ಗೊತ್ತು" ಅಂದರು.

"ಏನು ಗೊತ್ತು?"

"ಅವತ್ತೇ ಹೇಳಿದ್ರು, ಹೀಗೆ ಜೋಡಿಸ್ತೀವಿ ಅಂತ. ತಾಯಿ ಕಲ್ಲಿನ ಹಾಗೆ ನಿಂತ್ರೇನೇ ತಂದೆ ಕಣ್ಣೀರಿಗೆ ಬೆಲೆ ಅಂತ. ನನಗೂ ಸರಿ ಅನ್ನಿಸ್ತು."

"ನಾನೇ ಹೇಳಿದ್ದು ಅಂತ ಇಷ್ಟು ದಿನ ಹೇಳಿದ್ರಲ್ಲ?"

"ದನಿ ನಿಂದೇ ತಾನೇ? ಅದೇನೇ ಇರ್ಲಿ, ನನ್ನ ಪಾತ್ರ ಚೆನ್ನಾಗಿ ಬಂತು. ಅದನ್ನ ಒಪ್ಕೋ."

ಪಾತ್ರ ಅಂದರು. ಹಾಗಂದು, ಕಾಫಿ ಎಲ್ಲಿ ಎಂದು ಕೇಳಿದರು.

ಇದನ್ನು ಗುಬ್ಬಿಗೆ ಓದಿ ಹೇಳು.

ಅಕ್ಕ


ಆಗಸ್ಟ್ ೨೮

ಅಕ್ಕಾ,

ಏನು ಬರೆಯಲಿ. ಆ "ಅದು" ನನ್ನ ಕಿವಿಗೇ ಬೀಳಬೇಕಿತ್ತು. ಅದಕ್ಕೆ ಯಾವ ಯಂತ್ರವೂ ಬೇಕಿರಲಿಲ್ಲ. ಟಿವಿಯವರನ್ನು ನಂಬಿದೆ, ನಿನ್ನನ್ನು ಒಂದು ಮಾತು ಕೇಳಲಿಲ್ಲ.

ಗುಬ್ಬಿಗೆ ಓದಿ ಹೇಳಿದೆ. ಇಸ್ತ್ರಿ ಮಾಡುತ್ತಲೇ ಕೇಳಿಸಿಕೊಂಡಳು. ಕೊನೆಗೆ, "ಬರೆಯೋದನ್ನ ಯಾರು ಬೇಕಾದ್ರೂ ಬರೀಬಹುದು ಮಾಮ. ಊರೆಲ್ಲ ಉಗಿದ ಮೇಲೆ ನೆನಪಾಯ್ತಾ?" ಅಂದಳು. ನನಗೆ ಸಿಟ್ಟು ಬಂತು. ಆದರೆ ಇಷ್ಟು ದಿನ ಅವಳ ಮುಂದೆ ನಿನ್ನನ್ನು ಬೈದವನು ನಾನೇ ಅಲ್ಲವೇ.

ಅವಳು ಕಣ್ಣಿನಿಂದ ನೋಡಬೇಕು. ಪಕ್ಕದಲ್ಲಿ ಯಾರ ಹತ್ತಿರವಾದರೂ ಡಿಸ್ಕ್ ಬರೆಯುವ ಯಂತ್ರವಿದ್ದರೆ ಎರಡಕ್ಕೂ ವೈರು ಹಾಕಿ ನಕಲು ಮಾಡಿಸಿ ಕಳಿಸು. ಅಂಥದ್ದು ಬೇಡ ಎಂದು ನಿನಗೆ ಬರೆದದ್ದು ಸಿಟ್ಟಿಗೆ. ಅದನ್ನೂ ತಿಳಿದುಕೊಂಡಿರು.

ತಮ್ಮ


ಸೆಪ್ಟೆಂಬರ್ ೧೦

ಪುಟ್ಟು,

ನಕಲು ಆಗುವುದಿಲ್ಲ. ಎದುರು ಮನೆಯವರ ಯಂತ್ರ ತಂದು ವೈರು ಹಾಕಿದೆವು. ಭಾವನ ಮುಖ ಬರುವ ಹೊತ್ತಿಗೆ ಪರದೆ ಕಪ್ಪಾಗಿ, ಈ ಕಾರ್ಯಕ್ರಮದ ನಕಲಿಗೆ ಅನುಮತಿ ಇಲ್ಲ ಎಂದು ಬಂತು. ಅಂಗಡಿಯವನನ್ನು ಕೇಳಿದೆ. ಚಾನೆಲಿನವರೇ ಹಾಗೆ ಬೀಗ ಹಾಕಿ ಕಳಿಸುತ್ತಾರಂತೆ, ಈ ಪೆಟ್ಟಿಗೆಯಲ್ಲಿ ಹಿಡಿದದ್ದು ಈ ಪೆಟ್ಟಿಗೆಯಲ್ಲಿ ಮಾತ್ರ ಕಾಣುತ್ತದಂತೆ. ಡಿಸ್ಕಿನ ಮಾದರಿ ತಂದಿದ್ದರೂ ಇದೇ ಕತೆಯಂತೆ. ಆ ವಿಷಯಕ್ಕೆ ನೀನು ಕೊರಗಬೇಡ. ನನ್ನ ಮಾತನ್ನು ನನ್ನ ಬಾಯಿಂದ ಕಿತ್ತು ಎಲ್ಲಿ ಬೇಕಾದರೂ ಅಂಟಿಸುವವರು, ತಮ್ಮದನ್ನು ಮಾತ್ರ ಯಾರೂ ಮುಟ್ಟಬಾರದೆಂದು ಬೀಗ ಹಾಕಿಕೊಂಡಿದ್ದಾರೆ.

ಈ ನಡುವೆ ಕೋಟಿನವನು ಫೋನು ಮಾಡಿದ್ದ. ಜನ ತುಂಬ ಇಷ್ಟಪಟ್ಟಿದ್ದಾರಂತೆ, ಎರಡನೆಯ ಭಾಗ ಮಾಡುತ್ತಾರಂತೆ. ಈ ಸಲ ನಾನು ಕರಗಿ ಅಳಬೇಕಂತೆ. ನಿನ್ನ ಭಾವ ಹೊಸ ಅಂಗಿ ಹೊಲಿದುಕೊಡು ಅಂದರು. ತಿಳಿ ಬಣ್ಣದ್ದು ಬೇಡವಂತೆ, ಕಣ್ಣೀರು ಬಿದ್ದರೆ ಗೊತ್ತಾಗುವುದಿಲ್ಲವಂತೆ.

ನಾನು ಪೆಟ್ಟಿಗೆಯನ್ನೇ ತರುತ್ತೇನೆ. ವೈರು ಬಿಚ್ಚಿ ಹೊದಿಕೆಯಲ್ಲಿ ಸುತ್ತಿಟ್ಟಿದ್ದೇನೆ. ನನ್ನ ಬಟ್ಟೆಯನ್ನೂ ಕಟ್ಟಿಕೊಂಡಿದ್ದೇನೆ. "ಯಾವಾಗ ಬರ್ತೀಯ?" ಎಂದು ನಿನ್ನ ಭಾವ ಕೇಳಲಿಲ್ಲ. "ಅದನ್ನ ತಗೊಂಡು ಹೋದ್ರೆ ಸಾಯಂಕಾಲ ನಾನು ಏನು ನೋಡ್ಲಿ?" ಅಂದರು. ಇಷ್ಟು ವರ್ಷ ಈ ಮನುಷ್ಯನ ತಟ್ಟೆಗೆ ಬಡಿಸಿದೆನಲ್ಲ ಅನ್ನಿಸಿತು.

ಶನಿವಾರದ ರೈಲು. ಗುಬ್ಬಿಗೆ ಹೇಳಬೇಡ. ಹೇಳಿದರೆ ಎಲ್ಲಿಗಾದರೂ ಹೋಗಿಬಿಡುತ್ತಾಳೆ.

ಅಕ್ಕ


ನವೆಂಬರ್ ೧೫

ಅಕ್ಕಾ,

ನೀನೂ ಗುಬ್ಬಿಯೂ ಹೋಗಿ ಆ ಊರಿನಲ್ಲಿ ನೆಲೆಯಾದ ಮೇಲೆ ನಮ್ಮ ಮನೆ ಬಿಕೋ ಅನ್ನುತ್ತದೆ. ಹೊಲಿಗೆಯ ಅಂಗಡಿಗೆ ಹಿಡಿದ ಆ ಮುಂದಿನ ಕೋಣೆಗೆ ಬೆಳಕು ಸಾಲುತ್ತದೆಯೇ? ಗುಬ್ಬಿ ಗುಂಡಿಗೆ ಕಾಜಾ ಹಾಕಲು ಕಲಿತಳಂತೆ, ನನ್ನ ಹೆಂಡತಿಗೆ ಫೋನಿನಲ್ಲಿ ಹೇಳಿದ್ದಾಳೆ.

ನೀನು ಪೆಟ್ಟಿಗೆ ತಂದ ದಿನದ ಒಂದು ವಿಷಯ ನಿನಗೆ ಹೇಳಿರಲಿಲ್ಲ. ನೀನು ನೋಡಲಾರೆ ಎಂದು ಅಡುಗೆಮನೆಗೆ ಹೋದೆಯಲ್ಲ, ಆಗ ಗುಬ್ಬಿ ನಿನ್ನ ಗುಂಡಿಯನ್ನು ಒಂದೇ ಸಲ ನೋಡಿದ್ದು. ಅಷ್ಟು ಸಾಕಾಯಿತು ಅವಳಿಗೆ. ಆಮೇಲೆ ರಿಮೋಟು ತೆಗೆದುಕೊಂಡು ಅಪ್ಪನ ಮುಖದ ಮೇಲೆ ನಿಲ್ಲಿಸಿದಳು. ಎಷ್ಟು ಹೊತ್ತು ನೋಡಿದಳೋ. "ಅಮ್ಮ ಹಾಗೆ ಹೇಳಿಲ್ಲ ಅಂತ ಇವ್ರಿಗೆ ಗೊತ್ತಿತ್ತು ಅಲ್ವಾ ಮಾಮ?" ಅಂದಳು. ಗೊತ್ತಿತ್ತು ಅಂದೆ. "ಗೊತ್ತಿದ್ದೂ ನನಗೊಂದು ಫೋನ್ ಮಾಡ್ಲಿಲ್ಲ" ಅಂದಳು. ಆಮೇಲೆಯೇ ಅವಳು ಎದ್ದು ನಿನ್ನ ಹತ್ತಿರ ಬಂದದ್ದು. ನೀನು ಬಾಗಿಲಿಗೆ ಬೆನ್ನು ಮಾಡಿ ನಿಂತಿದ್ದೆ.

ಚಾನೆಲಿಗೆ ನಾನು ಬರೆದ ದೂರಿಗೆ ಉತ್ತರ ಬಂತು. ಸಮಯದ ಮಿತಿಗಾಗಿ ಮಾತುಗಳನ್ನು ಸಂಕ್ಷೇಪಿಸಲಾಗಿದೆಯಂತೆ. ಕಾರ್ಯಕ್ರಮವನ್ನು ಮೆಚ್ಚಿ ಬರೆದಿದ್ದಕ್ಕೆ ವಂದನೆಗಳಂತೆ. ಓದಿ ಉಗುಳುವ ಹಾಗಾಯಿತು.

ಒಂದು ಎಚ್ಚರಿಕೆ. ಭಾವನಿಗೆ ನಿಮ್ಮ ವಿಳಾಸ ಸಿಕ್ಕಿದೆ. ಯಾರು ಕೊಟ್ಟರೋ. ಕ್ಯಾಮೆರಾದವರನ್ನು ಕರೆದುಕೊಂಡು ಬರುತ್ತಾರೆಂದು ಸುದ್ದಿ. ನಾನು ಬಂದು ಬಾಗಿಲಲ್ಲಿ ನಿಲ್ಲಲೇ?

ತಮ್ಮ


ಡಿಸೆಂಬರ್ ೩

ಪುಟ್ಟು,

ನೀನು ಬರುವ ಕಷ್ಟ ಬೇಡವಾಯಿತು. ಬಂದು ಹೋದರು.

ಮಂಗಳವಾರ ಬೆಳಿಗ್ಗೆ ಗಿರಾಕಿಯೊಬ್ಬಳ ಅಳತೆ ತೆಗೆಯುತ್ತಿದ್ದೆ. ವ್ಯಾನು ಬಂದು ನಿಂತಿತು. ಕೋಟಿನವನು, ದೀಪ ಹಿಡಿದವರು, ಹಿಂದೆ ನಿನ್ನ ಭಾವ. ಅಂಗಿ ಅಂಗಡಿಯಲ್ಲಿ ಕೊಂಡದ್ದು, ತೋಳು ಉದ್ದ. ಗುಬ್ಬಿ ಕತ್ತರಿ ಹಿಡಿದೇ ಎದ್ದು ನಿಂತಳು. ಬೇಡ, ಕೂತ್ಕೋ ಅಂದೆ. ಅವರು ಬರುತ್ತಾರೆಂದು ತಿಳಿದ ದಿನವೇ ನಾವಿಬ್ಬರೂ ಮಾತನಾಡಿಕೊಂಡಿದ್ದೆವು.

ದೀಪ ಹಚ್ಚಿದರು. ನಾನು ಹೊಲಿಯತೊಡಗಿದೆ. ಕೋಟಿನವನು ಬಗ್ಗಿ, "ಅಮ್ಮ, ಮನೆ ಬಿಟ್ಟು ಬಂದಿದ್ದಕ್ಕೆ ಪಶ್ಚಾತ್ತಾಪ ಇದೆಯಾ?" ಅಂದ. ನಾನು ಬಾಯಿ ಬಿಡಲಿಲ್ಲ. ಹೌದು ಅನ್ನಲಿಲ್ಲ, ಇಲ್ಲ ಅನ್ನಲಿಲ್ಲ, ಹೊರಗೆ ಹೋಗಿ ಎಂದೂ ಅನ್ನಲಿಲ್ಲ. ಒಂದು ಉಸಿರು ಸಿಕ್ಕಿದರೂ ಅದನ್ನು ತೆಗೆದುಕೊಂಡು ಹೋಗಿ ಇನ್ನೆಲ್ಲೋ ಅಂಟಿಸುತ್ತಾರೆ. ಗುಬ್ಬಿಯನ್ನು ಕೇಳಿದ. ಅವಳು ಕಾಜಾ ಹಾಕುತ್ತಿದ್ದಳು, ತಲೆ ಎತ್ತಲಿಲ್ಲ. ಮಾತಿಗೆ ಎಳೆಯೋಣವೆಂದು, ಹೊರಗೆ ಹೊರಟ ಗಿರಾಕಿಯ ಹಿಂದೆ ಓಡಿದ. ಅವಳೂ ಜಾಣೆ, ಸೆರಗಿನಂತೆ ಅಳತೆಯ ಬಟ್ಟೆಯನ್ನೇ ಮುಖಕ್ಕೆ ಹಿಡಿದು ನಡೆದುಬಿಟ್ಟಳು.

ಕೊನೆಗೆ ನಿನ್ನ ಭಾವನನ್ನು ಮುಂದೆ ತಳ್ಳಿದರು. ಅವರು ಬಾಗಿಲ ಹತ್ತಿರ ಮಂಡಿಯೂರಿ ಅತ್ತರು. ಒಳ್ಳೆಯ ಅಳುವೇ. ಆದರೆ ಎದುರಿಗೆ ಮಷೀನು ಒಂದೇ ಸಮನೆ ಗಡಗಡ ಅನ್ನುತ್ತಿದ್ದರೆ ಎಷ್ಟು ಹೊತ್ತು ಅಂತ ಅಳುತ್ತಾರೆ? ಕೋಟಿನವನು ಕೈ ಬೀಸಿ, "ಸಾಕು, ಇದ್ರಲ್ಲಿ ಏನೂ ಇಲ್ಲ. ಪ್ಯಾಕ್ ಮಾಡಿ" ಅಂದ. ದೀಪ ಆರಿತು. ದೀಪದ ಜತೆಗೆ ಅಳುವೂ ನಿಂತಿತು ಪುಟ್ಟು. ನಲ್ಲಿ ತಿರುಗಿಸಿ ನಿಲ್ಲಿಸಿದ ಹಾಗೆ. ಗುಬ್ಬಿ ಆಗ ತಲೆ ಎತ್ತಿ ನೋಡಿದಳು.

ಮಂಡಿಯ ಧೂಳು ಕೊಡವಿಕೊಂಡು ಎದ್ದರು. "ಗಂಟಲು ಒಣಗಿದೆ, ಒಂದು ಲೋಟ ನೀರು ಕೊಡು" ಅಂದರು. ಕೊಟ್ಟೆ. ಕುಡಿದರು. ವ್ಯಾನಿನವರು ಹಾರ್ನ್ ಹೊಡೆದರೆಂದು ಲೋಟವನ್ನು ಕಿಟಕಿಯ ಮೇಲಿಟ್ಟು ಹೋದರು. ಮಗಳ ಕಡೆ ತಿರುಗಿ ಸಹ ನೋಡಲಿಲ್ಲ.

ಗುಬ್ಬಿ ಲೋಟವನ್ನು ತೊಳೆದಳು. ಮತ್ತೆ ತೊಳೆದಳು. ಒಳಗೆ ತರುತ್ತಾಳೆ ಅಂದುಕೊಂಡೆ. ತರಲಿಲ್ಲ, ಅಂಗಡಿಯಲ್ಲೇ ಇಟ್ಟಳು. ಈಗ ಅದರಲ್ಲಿ ಮುರಿದ ಸೂಜಿಗಳನ್ನು ಹಾಕುತ್ತೇವೆ.

ಅಕ್ಕ